ಚಿನ್ನಮ್ಮನನ್ನು ಕುರಿತು ನಮ್ಮೂರಿನ ಓದುಗರು



ಕಾರ್ತಿಕ ಕಳೆದು ಮಾರ್ಗಶಿರದ ಇಬ್ಬನಿ ಇಳಿಯತೊಡಗುವ ಕಾಲಕ್ಕೆ ನಮ್ಮ ಕೊಪ್ಪ ಸೀಮೆಯ ಮನೆಗಳ ಜಗಲಿಯಲ್ಲಿ ಹಿಂದೆಲ್ಲ ರಾತ್ರಿಯ ಹೊತ್ತು ಅಡಕೆ ಸುಲಿತ ನಡೆಯುತ್ತಿದ್ದಿತು. ಹಗಲಿನಲ್ಲಿ ಕೊನೆಗಾರ ಇಳಿಸಿದ ಕೊನೆಗಳನ್ನು ಸಂಜೆಗೆ ತಂದು ಸುರಿದರೆ, ಹತ್ತು ಹನ್ನೆರಡು ಮಂದಿ ಹೆಂಗಸರು ಮೆಟ್ಟುಗತ್ತಿಗಳನ್ನಿಟ್ಟುಕೊಂಡು ಸಾಲಾಗಿ ಕುಳಿತು ನಡುರಾತ್ರಿ ಮೀರುವವರೆಗೂ ಸುಲಿಯುವರು. ಅಲಗಿಗೆ ತಾಗಿ ಸಿಪ್ಪೆ ಸೀಳುವ ಸದ್ದು, ಸುಲಿದ ಕಾಯಿ ಬುಟ್ಟಿಗೆ ಬೀಳುವ ಸದ್ದು, ಇವೆರಡರ ನಡುವೆ ಯಾರಾದರೊಬ್ಬರು ಹೇಳುವ ಕಥೆ. ಈ ಮೂರೂ ಸೇರಿ ನಿದ್ದೆಯನ್ನು ಅಂಗಳದಾಚೆಗೇ ತಡೆದಿಡುತ್ತಿದ್ದವು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಅಚ್ಚಾದದ್ದು 1967ರಲ್ಲಿ. ಅದಾದ ಎರಡು ಮೂರು ವರ್ಷಗಳೊಳಗೆ ಅದರ ಪ್ರತಿಯೊಂದು ಕಮ್ಮರಡಿಯ ನಮ್ಮ ಮನೆಗೆ ಬಂದು ಸೇರಿತು. ಕೈಬಿಡುವಿಲ್ಲದ ಹೆಂಗಸರಿಗೆ ಓದಿ ಹೇಳುವ ಕೆಲಸ, ಸುಲಿಯುವುದಕ್ಕೆ ಕೈ ಪಳಗದ, ಆದರೆ ಓದುವುದಕ್ಕೆ ನಾಲಗೆ ಪಳಗಿದ್ದ, ಹನ್ನೆರಡು ವರ್ಷದ ನನ್ನ ಪಾಲಿಗೆ ಬಂದಿತು.

ಆ ಪ್ರತಿ ಈಗಲೂ ನನ್ನಲ್ಲಿದೆ. ಬೆನ್ನು ಕಿತ್ತುಹೋಗಿ, ದಾರದಿಂದ ಹೊಲಿಸಿಕೊಂಡು, ಹಳೆಯ ಪಂಚಾಂಗದ ರಟ್ಟನ್ನು ಹೊದ್ದುಕೊಂಡಿರುವ ಆ ಪುಸ್ತಕವನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟರೆ ಅದು ತಾನಾಗಿಯೇ ಒಂದು ಕಡೆ ಬಿಚ್ಚಿಕೊಳ್ಳುತ್ತದೆ. ಹೂವಳ್ಳಿಯ ಮನೆಯಲ್ಲಿ ಮದುವೆಯ ಸಡಗರ ನಡೆದಿರುವಾಗ, ಧಾರೆಯೆರೆಯುವ ಮುನ್ನವೇ, ಮದುಮಗಳು ಚಿನ್ನಮ್ಮ ಮನೆಯನ್ನು ಬಿಟ್ಟು ಕಾಡಿನ ಕತ್ತಲೆಗೆ ಇಳಿದುಹೋಗುವ ಪ್ರಸಂಗ ಅಲ್ಲಿದೆ. ಆ ಪುಟದ ಬಲ ಅಂಚಿನಲ್ಲಿ ಕಂದುಗಪ್ಪಾದ ಹೆಬ್ಬೆರಳಿನ ಗುರುತೊಂದು ಅಚ್ಚೊತ್ತಿದಂತೆ ಉಳಿದಿದೆ. ಹಸಿ ಅಡಕೆ ಸುಲಿದ ಕೈಗಂಟುವ ಕರೆ ಸೋಪಿಗೂ ಹೋಗುವುದಲ್ಲ, ಹುಣಿಸೆಹುಳಿಗೂ ಹೋಗುವುದಲ್ಲ; ಕಾಗದಕ್ಕೆ ಹತ್ತಿದರಂತೂ ಕಾಗದದ ಆಯುಷ್ಯವೇ ಅದರ ಆಯುಷ್ಯ. ಆ ಬೆರಳು ನನ್ನ ದೊಡ್ಡಮ್ಮನದು. ನಾನು ಓದುತ್ತಿದ್ದಂತೆಯೇ ಅವಳು ಎದ್ದು ಬಂದು, ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಲಾಟೀನಿನ ಹತ್ತಿರ ಹಿಡಿದು, ಅಕ್ಷರಕ್ಕೆ ಅಕ್ಷರ ಕೂಡಿಸಿ ತಾನೇ ಓದಿ ನೋಡಿದಳು. ನಾನು ಓದಿದ್ದು ನಿಜವಾಗಿಯೂ ಅಲ್ಲಿ ಬರೆದಿದೆಯೋ ಇಲ್ಲವೋ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಪುಸ್ತಕವನ್ನು ಹಿಂದಕ್ಕೆ ಕೊಟ್ಟು, “ಓದು ಮಗಾ, ನಿಲ್ಲಿಸ್ಬೇಡ” ಎಂದು ಹೇಳಿ ಮತ್ತೆ ಕತ್ತಿಯ ಮುಂದೆ ಕುಳಿತಳು.

ಈ ಭಾಷಣದ ವಿಷಯ ನನಗೆ ಹೊಳೆದದ್ದು ದೂರದೇಶದ ಒಬ್ಬ ಲೇಖಕಿಯ ಒಂದು ಅಭ್ಯಾಸದಿಂದ. ಇಂಗ್ಲೆಂಡಿನ ಜೇನ್ ಆಸ್ಟೆನ್ 1814ರಲ್ಲಿ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಎಂಬ ಕಾದಂಬರಿಯನ್ನೂ, ಮರುವರ್ಷದ ಕೊನೆಗೆ ‘ಎಮ್ಮ’ ಎಂಬುದನ್ನೂ ಪ್ರಕಟಿಸಿದಾಗ, ಪತ್ರಿಕೆಗಳ ವಿಮರ್ಶಕರು ಏನು ಬರೆದಾರೆಂದು ಕಾಯುತ್ತ ಕುಳಿತುಕೊಳ್ಳಲಿಲ್ಲ. ಅಣ್ಣತಮ್ಮಂದಿರು, ನಾದಿನಿಯರು, ಅಣ್ಣನ ಮಕ್ಕಳು, ನೆರೆಹೊರೆಯವರು ಇವರೆಲ್ಲ ಆ ಪುಸ್ತಕಗಳನ್ನೂ ಅವುಗಳ ನಾಯಿಕೆಯರನ್ನೂ ಕುರಿತು ಆಡಿದ ಮಾತುಗಳನ್ನು ಹೆಸರು ಸಹಿತವಾಗಿ ಕಾಗದದ ಮೇಲೆ ಬರೆದಿಟ್ಟುಕೊಂಡಳು. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ ನಾಯಿಕೆಯಾದ ಫ್ಯಾನಿ ಎಂಬ ಮೆದುಮಾತಿನ ಹುಡುಗಿ ಸಪ್ಪೆ ಎಂದು ಹೇಳಿದವರಲ್ಲಿ ಲೇಖಕಿಯ ಸ್ವಂತ ತಾಯಿಯೂ ಒಬ್ಬಳು, ಆ ಮಾತನ್ನು ಕೂಡ ಮಗಳು ಮರೆಮಾಚದೆ ದಾಖಲಿಸಿದಳು. ಇದನ್ನು ಓದಿದ ದಿನ ನನಗೆ ನಮ್ಮ ಜಗಲಿ ನೆನಪಾಯಿತು. ನಾನು ಆಗಷ್ಟೇ ಉಪಾಧ್ಯಾಯ ವೃತ್ತಿಗೆ ಸೇರಿದ್ದೆ. ಮನೆಯಲ್ಲಿ ಬಳಕೆಗೆ ಬಾರದೆ ಉಳಿದಿದ್ದ ಅಡಕೆ ಲೆಕ್ಕದ ಪುಸ್ತಕವೊಂದನ್ನು ತೆಗೆದುಕೊಂಡು, ಚಿನ್ನಮ್ಮನನ್ನು ಕುರಿತು ನಮ್ಮೂರಿನವರು ಏನೇನು ಹೇಳುತ್ತಾರೋ ಅದನ್ನು ಅವರ ಮಾತಿನಲ್ಲಿಯೇ ಬರೆದಿಡತೊಡಗಿದೆ. ಇಂದು ನಿಮ್ಮ ಮುಂದಿಡುತ್ತಿರುವುದು ಆ ಪುಸ್ತಕದ ಕೆಲವು ಹಾಳೆಗಳನ್ನು.

ನಮ್ಮೂರಿನವರು ಈ ಕಾದಂಬರಿಯನ್ನು ಓದುವ ಬಗೆಗೂ ದೂರದವರು ಓದುವ ಬಗೆಗೂ ಸ್ವಲ್ಪ ಅಂತರವುಂಟು. ಅದರಲ್ಲಿ ಬರುವ ಮೇಗರವಳ್ಳಿ, ತೀರ್ಥಹಳ್ಳಿಗಳು ನಾವು ಬಸ್ಸಿನ ಕಂಡಕ್ಟರಿಗೆ ದಿನವೂ ಹೇಳುವ ಹೆಸರುಗಳು. ಅದರಲ್ಲಿ ಉಕ್ಕಿ ಹರಿಯುವ ತುಂಗೆ ನಾವು ಮಳೆಗಾಲದಲ್ಲಿ ಹೆದರಿ ದಾಟುತ್ತಿದ್ದ ತುಂಗೆಯೇ. ಕವಿ ಬೆಳೆದ ಕುಪ್ಪಳಿ ಗಡಿಯಾಚೆ ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದ್ದರೂ, ಅವರು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿ ಸೀತಮ್ಮನವರ ತವರಿನಲ್ಲಿ. ಚೊಚ್ಚಲು ಬಾಣಂತನ ತವರಿನ ಹಕ್ಕು. ಆದಕಾರಣ ಈ ಭಾಗದ ಹಿರಿಯ ಹೆಂಗಸರು ಆ ಮಹಾಕವಿಯನ್ನು ಕುರಿತು ಮಾತನಾಡುವಾಗ, ತಾವು ಬಿಸಿನೀರೆರೆದು ತೊಟ್ಟಿಲಿಗೆ ಹಾಕಿದ ಕೂಸೊಂದರ ಮಾತೆತ್ತಿದಂಥ ಸಲಿಗೆ ಧ್ವನಿಯಲ್ಲಿ ಬಂದುಬಿಡುತ್ತಿದ್ದಿತು. ಅವರ ಕಥೆಯಲ್ಲಿನ ಹುಡುಗಿ ಸರಿ ಮಾಡಿದಳೋ ತಪ್ಪು ಮಾಡಿದಳೋ ಎಂದು ವಾದಿಸುವಾಗಲೂ ಅದೇ ಸಲಿಗೆ.

ಕಥೆಯನ್ನು ಅರಿಯದವರಿಗಾಗಿ ಎರಡು ಮಾತು. ಕಾಲ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕ. ವಿವೇಕಾನಂದರು 1893ರಲ್ಲಿ ಷಿಕಾಗೋ ನಗರದಲ್ಲಿ ಮಾತನಾಡಿದ ಸುದ್ದಿಯೂ ಕಾದಂಬರಿಯೊಳಕ್ಕೆ ಬರುತ್ತದೆ. ಹೂವಳ್ಳಿಯ ಚಿನ್ನಮ್ಮನೂ ಕೋಣೂರಿನ ಮುಕುಂದಯ್ಯನೂ ಒಬ್ಬರನ್ನೊಬ್ಬರು ಮೆಚ್ಚಿದವರು. ಆಕೆಯ ತಂದೆಯಾದರೋ ಅವಳನ್ನು ಸಿಂಬಾವಿಯ ಭರಮೈಹೆಗ್ಗಡೆಗೆ, ಮನೆಯಲ್ಲಿ ಹೆಂಡತಿಯಿರುವ ಗಂಡಸಿಗೆ, ಕೊಡುವುದೆಂದು ನಿಶ್ಚಯಿಸುತ್ತಾನೆ. ಚಿನ್ನಮ್ಮ ಓಡಿಹೋಗುತ್ತಾಳೆ. ಹುಲಿಕಲ್ಲು ನೆತ್ತಿಯ ಕಾಡು ಅವಳನ್ನು ಕಾಯುತ್ತದೆ. ಐತ, ಪೀಂಚಲು ಎಂಬ ದುಡಿಯುವ ದಂಪತಿಗಳು ಕಾಯುತ್ತಾರೆ. ಕಡೆಗೆ ಮೆಚ್ಚಿದವನನ್ನೇ ಮದುವೆಯಾಗುತ್ತಾಳೆ. ಇಷ್ಟೇ ಆಗಿದ್ದರೆ ಇದೊಂದು ಪ್ರೇಮಕಥೆ. ಆದರೆ ಇದರೊಡನೆಯೇ ಜೀತದಾಳು ಗುತ್ತಿ ತನ್ನ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಕಥೆಯಿದೆ, ಗುತ್ತಿಯ ನಾಯಿ ಹುಲಿಯನ ಕಥೆಯಿದೆ, ಎಳೆಯ ವಿಧವೆ ನಾಗಕ್ಕನ ಕಥೆಯಿದೆ, ಮೇಗರವಳ್ಳಿಯ ಅಂತಕ್ಕನ ಮಗಳು ಕಾವೇರಿಯ ಕಥೆಯಿದೆ. ಯಾರನ್ನೂ ಹಿರಿದೆಂದು ಎತ್ತಿ ಕೂರಿಸುವುದಕ್ಕಾಗಲಿ ಕಿರಿದೆಂದು ತಳ್ಳಿಬಿಡುವುದಕ್ಕಾಗಲಿ ಇಲ್ಲಿ ಎಡೆಯಿಲ್ಲವೆಂಬ ಅರ್ಥದ ಎಚ್ಚರಿಕೆಯನ್ನು ಕವಿ ಕೃತಿಯ ಬಾಗಿಲಲ್ಲಿಯೇ ಕೊಟ್ಟಿದ್ದಾರೆ. ಎಚ್ಚರಿಕೆಯೇನೋ ಸರಿ, ಆದರೆ ಪುಸ್ತಕದ ಹೆಸರಿನಲ್ಲಿಯೇ ಒಬ್ಬ ಮದುಮಗಳಿರುವಾಗ, ಆ ಮದುಮಗಳು ಯಾರೆಂದು ಓದುಗರು ಕೇಳದಿರುವುದು ಸಾಧ್ಯವೆ?

ನನ್ನ ಲೆಕ್ಕದ ಪುಸ್ತಕದಲ್ಲಿ ಅತ್ಯಧಿಕ ಸಲ ಬರುವ ಅಭಿಪ್ರಾಯ, ಜೇನ್ ಆಸ್ಟೆನ್ನಳ ತಾಯಿ ಹೇಳಿದ್ದೇ: ಚಿನ್ನಮ್ಮ ಸಪ್ಪೆ. ಹೀಗೆಂದವರಲ್ಲಿ ಹೆಚ್ಚಿನವರು ಕಾಲೇಜಿನ ಮೆಟ್ಟಿಲು ಹತ್ತಿದ ತರುಣರು. ಪೀಂಚಲುವಿನ ನಗುವೆಲ್ಲಿ, ತಿಮ್ಮಿಯ ಗತ್ತೆಲ್ಲಿ, ಇವಳ ಬಿಕ್ಕಳಿಕೆಯೆಲ್ಲಿ ಎಂದು ಅವರ ಆಕ್ಷೇಪ. ನಾಯಿಕೆಯಾದವಳು ಮಾತಿನಲ್ಲಿ ಮಿಂಚಬೇಕು, ಎದುರಾಡಬೇಕು, ತಂದೆಯ ಮುಖಕ್ಕೆ ಮುಖ ಕೊಟ್ಟು ನಿಲ್ಲಬೇಕು ಎಂಬುದು ಅವರ ನಿರೀಕ್ಷೆ. ನನಗೂ ಬಹುಕಾಲ ಹಾಗೆಯೇ ಅನ್ನಿಸುತ್ತಿದ್ದಿತೆಂಬುದನ್ನು ಇಲ್ಲಿ ಹೇಳಿಬಿಡಬೇಕು.

ಇನ್ನೊಂದು ಅಭಿಪ್ರಾಯ ನಮ್ಮ ನೆರೆಮನೆಯ ಹಿರಿಯರೊಬ್ಬರದು. ಅವರು ಸುಲಿತದ ಹೊತ್ತಿನಲ್ಲಿ ಒಳಗಿನ ಮಂಚದ ಮೇಲೆ ಮಲಗಿ, ನಿದ್ದೆ ಹೋದವರಂತೆ ಕಣ್ಣು ಮುಚ್ಚಿಕೊಂಡು, ಒಂದಕ್ಷರವನ್ನೂ ಬಿಡದೆ ಕೇಳುತ್ತಿದ್ದವರು. “ಹುಡುಗಿ ಓಡಿದ್ದು ತಪ್ಪಂತ ನಾ ಹೇಳೂದಿಲ್ಲ. ಅದನ್ನ ಪುಸ್ತಕ ಮಾಡಿ ನಮ್ಮ ಮನೆ ಹೆಣ್ಣುಮಕ್ಕಳ ಕೈಗೆ ಕೊಟ್ಟದ್ದು ಮಾತ್ರ ಸರಿಯಲ್ಲ” ಎಂದು ಅವರು ಹೇಳಿದ್ದರು. ಕಾದಂಬರಿಯ ಶಕ್ತಿಯನ್ನು ಇಷ್ಟು ಚೆನ್ನಾಗಿ ಅರಿತುಕೊಂಡ ವಿಮರ್ಶೆಯನ್ನು ನಾನು ಬೇರೆ ಕಡೆ ಓದಿಲ್ಲ. ಮದುಮಗಳೆಂದರೆ ಮಲೆನಾಡೇ, ಅರಣ್ಯವೇ, ಪ್ರಕೃತಿಯೇ ಎಂದು ಹೇಳಿದ ವಿದ್ವಾಂಸರೂ ಉಂಟು; ಆ ಮಾತು ಸುಂದರವಾಗಿದೆ, ಸುಳ್ಳೂ ಅಲ್ಲ. ಆದರೆ ಹಾಗೆ ಹೇಳಿದೊಡನೆಯೇ ಕತ್ತಲಲ್ಲಿ ಮುಗ್ಗರಿಸುತ್ತ ನಡೆಯುತ್ತಿರುವ ಹುಡುಗಿಯೊಬ್ಬಳು ನಮ್ಮ ಕಣ್ಣಿನಿಂದ ಮರೆಯಾಗುತ್ತಾಳಾದ್ದರಿಂದ ನನಗೆ ಅದರಿಂದ ತೃಪ್ತಿಯಿಲ್ಲ.

ಎಲ್ಲಕ್ಕಿಂತ ತೀಕ್ಷ್ಣವಾದ ಮಾತು ಬಂದದ್ದು ನಮ್ಮ ತೋಟದಲ್ಲಿ ದುಡಿಯುತ್ತಿದ್ದ ಒಬ್ಬಾಕೆಯಿಂದ. ಅಕ್ಷರವೇ ಬಾರದಿದ್ದ ಆಕೆ ಇಡೀ ಕಾದಂಬರಿಯನ್ನು ಕಿವಿಯಿಂದ ಓದಿದವಳು. ಗುತ್ತಿಯೂ ತಿಮ್ಮಿಯೂ ಉಕ್ಕಿದ ತುಂಗೆಯನ್ನು ದಾಟಿ, ಅವರನ್ನೇ ನಂಬಿ ಹಿಂದೆ ಬಂದ ಹುಲಿಯ ಪ್ರವಾಹದ ಪಾಲಾಗುವ ಭಾಗವನ್ನು ಓದಿದ ರಾತ್ರಿ ಜಗಲಿಯಲ್ಲಿ ಎಲ್ಲರೂ ನಾಯಿಗಾಗಿ ಅತ್ತಿದ್ದರು. ವರ್ಷಗಳ ತರುವಾಯ ನಾನು ಅಭಿಪ್ರಾಯ ಕೇಳಲು ಹೋದಾಗ ಆಕೆ ಆ ರಾತ್ರಿಯನ್ನೇ ನೆನೆದು ಹೀಗೆ ಹೇಳಿದಳು: “ಸಣ್ಣಯ್ಯಾ, ತಿಮ್ಮಿ ಓಡಿದಾಗ ನಿಮ್ಮ ಮನೇರು ನಗಾಡ್ತಾ ಕೇಳಿದ್ರು. ನಾಯಿ ಸತ್ತಾಗ ಅತ್ರು. ಚಿನ್ನಮ್ಮ ಓಡಿದಾಗ ಉಸಿರು ಬಿಗಿಹಿಡಿದು ಕೂತ್ರು. ಹೊಳೆ ದಾಟಿದ ನಮ್ಮ ತಿಮ್ಮಿ ಯಾರ ಲೆಕ್ಕಕ್ಕಿದ್ಳು ಹೇಳಿ?” ನಾನು ಉತ್ತರ ಹೇಳಲಿಲ್ಲ, ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ. ಕವಿ ತಕ್ಕಡಿಯ ಎರಡು ತಟ್ಟೆಗಳನ್ನೂ ಸಮನಾಗಿಯೇ ತೂಗಿದ್ದರು: ಚಿನ್ನಮ್ಮನಿಗಿಂತ ಮೊದಲೇ ತಿಮ್ಮಿಯನ್ನು ಓಡಿಸಿದರು, ಒಡೆಯರ ಮನೆಯ ಪ್ರೇಮಕ್ಕೆ ಕಾಡಿನ ದಾರಿ ತೋರಿಸುವ ಕೆಲಸವನ್ನು ದುಡಿಯುವವರ ಕೈಗೆ ಕೊಟ್ಟರು. ಕೇಳುತ್ತಿದ್ದ ನಾವು ನಮ್ಮ ಮನೆಯ ತೂಕದ ಬಟ್ಟುಗಳನ್ನೇ ಉಪಯೋಗಿಸಿದೆವು. ತಿಮ್ಮಿಯನ್ನು ಮದುಮಗಳೆನ್ನದೆ ಚಿನ್ನಮ್ಮನೊಬ್ಬಳನ್ನೇ ಹಾಗೆಂದು ಕರೆಯುವ ಯಾವ ಓದೂ ಈ ಪುಸ್ತಕಕ್ಕೆ ನ್ಯಾಯ ಮಾಡಿದ ಓದಲ್ಲವೆಂಬುದನ್ನು ನನಗೆ ಕಲಿಸಿದವಳು ಆ ತಾಯಿ.

ಹಾಗಾದರೆ ಚಿನ್ನಮ್ಮನ ಪಾಲಿಗೆ ಉಳಿಯುವುದೇನು? ಅವಳು ನಿಜವಾಗಿಯೂ ಸಪ್ಪೆಯೆ?

ಈ ಪ್ರಶ್ನೆಯನ್ನು ನಾನು ದೊಡ್ಡಮ್ಮನಿಗೆ ಕೇಳಿದೆ. ಆಗ ಅವಳಿಗೆ ವಯಸ್ಸಾಗಿತ್ತು. ದೊಡ್ಡಪ್ಪ ತೀರಿಕೊಂಡು ಹತ್ತು ವರ್ಷ ಕಳೆದಿದ್ದಿತು. ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಕುಳಿತು ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, ತನ್ನದು ಸಾಟಿ ಮದುವೆಯೆಂದೂ, ಅಣ್ಣನಿಗೆ ಹೆಣ್ಣು ತರಬೇಕಾಗಿದ್ದುದರಿಂದ ತನ್ನನ್ನು ಈ ಮನೆಗೆ ಕೊಟ್ಟರೆಂದೂ, ಒಪ್ಪಿಗೆಯನ್ನು ಯಾರೂ ಕೇಳಲಿಲ್ಲವೆಂದೂ ಹೇಳಿದಳು. ಇಷ್ಟನ್ನು ನಾನು ಬಲ್ಲೆ. ನಾನು ಅರಿಯದೆ ಇದ್ದದ್ದು ಮುಂದಿನದು. ದಿಬ್ಬಣ ಬರುವ ಹಿಂದಿನ ರಾತ್ರಿ, ಅರಿಶಿಣ ಮಿಂದು ಮಲಗಿದ್ದ ಅವಳು, ಮನೆಯೆಲ್ಲ ಮಲಗಿದ ಮೇಲೆ ಎದ್ದು ಹಿತ್ತಲ ಬಾಗಿಲಿಗೆ ಹೋದಳಂತೆ. ಎಲ್ಲಿಗೆ ಹೋಗಬೇಕೆಂಬ ಯೋಚನೆಯಿರಲಿಲ್ಲ, ಕಾಯುತ್ತಿದ್ದ ಮುಕುಂದಯ್ಯನೂ ಇರಲಿಲ್ಲ, ಇಲ್ಲಿರಲಾರೆನೆಂಬುದೊಂದೇ ಗೊತ್ತಿತ್ತು. “ಅಗುಳಿ ತೆಗ್ದಿದ್ದೆ ಕಣಾ. ಸದ್ದಾಗ್ದ ಹಾಗೆ ಎತ್ತಿ ಗೋಡೆಗೆ ಒರಗಿಸಿಟ್ಟಿದ್ದೆ. ಬಾಗಿಲು ತೆಗೆದ್ರೆ ಹೊರಗೆ ಎಂಥ ಕತ್ತಲೆ! ಕೈ ಕಾಣಲ್ಲ. ಗುಡ್ಡದ ಮೇಲೆ ನರಿ ಕೂಗ್ತಿತ್ತು. ಹೊಸಿಲಾಚೆ ಒಂದು ಕಾಲು ಇಟ್ಟೆ, ಇಬ್ಬನಿ ತಣ್ಣಗೆ ತಾಗ್ತು. ಹಿಂದಕ್ಕೆ ತೆಗೆದೆ.” ಅವಳು ಅಗುಳಿಯನ್ನು ಮತ್ತೆ ಹಾಕಿ, ಬಂದು ತಂಗಿಯ ಪಕ್ಕದಲ್ಲಿ ಮಲಗಿಕೊಂಡಳಂತೆ. ದೊಡ್ಡಪ್ಪ ಒಳ್ಳೆಯ ಮನುಷ್ಯ, ಅವರ ಸಂಸಾರ ಚೆನ್ನಾಗಿಯೇ ನಡೆಯಿತು. ಅದನ್ನೂ ಅವಳೇ ಹೇಳಿದಳು, ಒತ್ತಿ ಹೇಳಿದಳು. ಅನಂತರ ನನ್ನ ಮುಖವನ್ನು ನೋಡಿ, “ಅವಳು ಸಪ್ಪೆ ಅಂತಾರಾ? ಹೊಸಿಲಾಚೆ ಎರಡನೇ ಕಾಲು ಇಟ್ಳಲ್ಲಾ ಮಗಾ” ಎಂದಳು.

ಚಿನ್ನಮ್ಮನನ್ನು ಕುರಿತು ನಾನು ಹೇಳಬೇಕಾದದ್ದೆಲ್ಲ ಆ ಎರಡನೆಯ ಕಾಲಿನಲ್ಲಿದೆ. ಮಲೆನಾಡಿನ ರಾತ್ರಿಯನ್ನು ಕಾಣದವರಿಗೆ ಅದರ ಬೆಲೆ ತಿಳಿಯದು. ಇಲ್ಲಿಯ ಮನೆಗಳು ಒಂದರ ಪಕ್ಕದಲ್ಲೊಂದು ಇರುವಂಥವಲ್ಲ. ಒಂದು ಮನೆಯ ದೀಪ ಇನ್ನೊಂದು ಮನೆಗೆ ಕಾಣುವುದೇ ಅಪರೂಪ, ನಡುವೆ ತೋಟ, ತೋಟದಾಚೆ ಸೊಪ್ಪಿನಬೆಟ್ಟ, ಅದರಾಚೆ ಹಗಲಿನಲ್ಲಿಯೂ ಬಿಸಿಲು ನೆಲಕ್ಕೆ ಬೀಳದ ಕಾಡು. ಹೆಣ್ಣುಮಕ್ಕಳ ಓಡಾಟ ಬಾವಿಕಟ್ಟೆಯವರೆಗೆ, ಕೊಟ್ಟಿಗೆಯವರೆಗೆ, ಹೆಚ್ಚೆಂದರೆ ನಂಟರ ಮನೆಗೆ ಗಾಡಿಯಲ್ಲಿ. ಭೂತದ ಬನ, ಚೌಡಿಯ ಕಲ್ಲು, ನೀರಿನ ಸರಲಿನ ಬಳಿಯ ದೆವ್ವ, ಇವುಗಳ ಭಯವನ್ನು ಎದೆಹಾಲಿನ ಜೊತೆಗೇ ಕುಡಿದು ಬೆಳೆದ ಹುಡುಗಿ, ಹುಲಿಯ ಭಯ ಕಥೆಯ ಭಯವಾಗಿರದೆ ಕೊಟ್ಟಿಗೆಯ ಬಾಗಿಲ ಭಯವಾಗಿದ್ದ ಕಾಲದಲ್ಲಿ, ಮೈಮೇಲೆ ಮದುವೆಯ ಸಿಂಗಾರ ಹೊತ್ತು, ತನ್ನವರೆಲ್ಲ ಇರುವ ಬೆಳಕಿನ ಚಪ್ಪರಕ್ಕೆ ಬೆನ್ನು ಹಾಕಿ ಆ ಕತ್ತಲೆಗೆ ಇಳಿಯುತ್ತಾಳೆ. ಅಳುತ್ತಲೇ ಇಳಿಯುತ್ತಾಳೆ, ಹೆದರುತ್ತಲೇ ಇಳಿಯುತ್ತಾಳೆ. ಭಯವೆಂಬುದೇ ಇಲ್ಲದವರು ಕತ್ತಲೆಗೆ ಇಳಿಯುವುದರಲ್ಲಿ ಏನು ಅತಿಶಯವುಂಟು? ನಮ್ಮ ತರುಣರು ಅವಳ ಕಣ್ಣೀರನ್ನು ನೋಡಿ ದುರ್ಬಲೆಯೆಂದರು. ಆ ಕಣ್ಣೀರು ಹರಿಯುತ್ತಿರುವಾಗಲೂ ಕಾಲು ಮುಂದಕ್ಕೇ ಹೋಗುತ್ತಿದ್ದುದನ್ನು ಅವರು ನೋಡಲಿಲ್ಲ.

ಕವಿಯ ಮೊದಲಿನ ಮಹಾಕಾದಂಬರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಈ ಕಾಲಿನ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ‘ಕಾನೂರು ಹೆಗ್ಗಡಿತಿ’ ಬಂದದ್ದು 1936ರಲ್ಲಿ. ಅಲ್ಲಿಯ ಸುಬ್ಬಮ್ಮ ವಯಸ್ಸಾದ ಚಂದ್ರಯ್ಯಗೌಡರಿಗೆ ಮೂರನೆಯ ಹೆಂಡತಿಯಾಗಿ ಬಂದವಳು. ಆ ಮನೆಯೊಳಗೆ ಅವಳ ಬಾಳು ಹೇಗೆ ಮಣ್ಣುಗೂಡಿತೆಂಬುದನ್ನು ಓದಿದವರೆಲ್ಲ ಬಲ್ಲರು. ಅಲ್ಲಿಯ ಸೀತೆಯಾದರೋ ಹೂವಯ್ಯನಲ್ಲಿ ಮನಸ್ಸಿಟ್ಟವಳು. ಬೇರೊಬ್ಬನಿಗೆ ಕೊಡುವ ಹೊತ್ತು ಬಂದಾಗ ಅವಳ ಬೇಡವೆಂಬ ಮಾತು ಬಾಯಿಂದ ಹೊರಡಲಾರದೆ ಮೈಮನಸ್ಸಿನ ಕಾಯಿಲೆಯಾಗಿ ಹೊರಟಿತು. ಒಬ್ಬಳು ಒಪ್ಪಿ ಕೆಟ್ಟಳು, ಇನ್ನೊಬ್ಬಳು ಒಪ್ಪಲಾರದೆ ಬೆಂದಳು. ಮೂವತ್ತೊಂದು ವರ್ಷಗಳ ತರುವಾಯ ಅದೇ ಕವಿ ಅದೇ ಮಲೆಗಳಿಗೆ ಹಿಂದಿರುಗಿ, ಅದಕ್ಕಿಂತಲೂ ಹಿಂದಿನ ಕಾಲವನ್ನು ಆರಿಸಿಕೊಂಡು, ಅಂಥದೇ ಮದುವೆಯ ಚಪ್ಪರವನ್ನು ಮತ್ತೆ ಕಟ್ಟಿ, ಈ ಸಲ ಹುಡುಗಿಗೆ ಹಿತ್ತಲ ಬಾಗಿಲನ್ನು ತೆರೆದುಕೊಟ್ಟರು. ಸೀತೆಯಲ್ಲಿ ನರಳಿಕೆಯಾಗಿದ್ದುದು ಚಿನ್ನಮ್ಮನಲ್ಲಿ ನಡಿಗೆಯಾಯಿತು. ಸುಬ್ಬಮ್ಮನ ಕಥೆಯನ್ನು ಬರೆದ ಕೈಗೆ ಈ ಕಥೆಯನ್ನು ಬರೆಯದೆ ವಿಶ್ರಾಂತಿಯಿರಲಿಲ್ಲವೆಂದು ನಾನು ನಂಬಿದ್ದೇನೆ.

ಇಲ್ಲಿ ಇತಿಹಾಸದ ಒಂದು ಸಂಗತಿಯನ್ನು ನೆನೆಯಬೇಕು. ಕಥೆ ನಡೆಯುವ ಕಾಲಕ್ಕೆ ಸರಿಯಾಗಿ, 1894ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಮದುವೆಗಳನ್ನು ಕುರಿತ ಕಾಯದೆಯೊಂದು ಬಂದಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಕೂಡದು, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಕೂಡದು ಎಂಬುದು ಅದರ ಸಾರ. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ ಸರಿ. ಆದರೆ ಪ್ರಾಯಕ್ಕೆ ಬಂದ ಚಿನ್ನಮ್ಮನಂಥವಳು ತನಗೆ ಬೇಡವೆಂದು ಹೇಳಿದರೆ ಕೇಳುವ ಕಾಯದೆ ಅದಾಗಿರಲಿಲ್ಲ. ಮನೆಯಲ್ಲಿ ಒಬ್ಬ ಹೆಂಡತಿಯಿರಲು ಇನ್ನೊಬ್ಬಳನ್ನು ತರುವುದು ಅಂದಿಗೆ ತಪ್ಪೂ ಆಗಿರಲಿಲ್ಲ. ವಿಧವೆಯಾದ ಹೆಣ್ಣೊಬ್ಬಳು ಮರುಮದುವೆಯಾಗುವ ಕಥೆಯನ್ನು ಹೇಳಿದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’, ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆನ್ನಿಸಿಕೊಂಡದ್ದು, ಅಚ್ಚಾದದ್ದು 1899ರಲ್ಲಿ. ಅಂದರೆ ಚಿನ್ನಮ್ಮನಿಗೆ ಬೆಂಬಲವಾಗಿ ಕಾಯದೆಯೂ ಇರಲಿಲ್ಲ, ಮಾದರಿಯಾಗಿ ಕಾದಂಬರಿಯೂ ಇರಲಿಲ್ಲ. ದೊಡ್ಡಮ್ಮನ ಕಾಲಕ್ಕೆ ಇವೆಲ್ಲ ಇದ್ದವಾದರೂ ಅಗುಳಿ ತೆಗೆದ ಆ ಬಾಗಿಲಿನವರೆಗೆ ಅವು ಬಂದಿರಲಿಲ್ಲ.

ಕಾವೇರಿಯ ಮಾತನ್ನು ಎತ್ತದೆ ಚಿನ್ನಮ್ಮನ ಮಾತು ಪೂರ್ತಿಯಾಗದು. ಗಂಡಸರ ಕ್ರೌರ್ಯಕ್ಕೆ ಸಿಕ್ಕಿ ಬಾವಿಯ ನೀರಿನಲ್ಲಿ ಕೊನೆಗಾಣುವ ಆ ಹುಡುಗಿಯ ಪ್ರಕರಣವನ್ನು ನಮ್ಮ ಜಗಲಿಯಲ್ಲಿ ನಾನು ಒಮ್ಮೆಯೂ ಕಡೆಯವರೆಗೆ ಓದಲಿಲ್ಲ. ಅಲ್ಲಿಗೆ ಬಂದೊಡನೆ ಯಾರಾದರೊಬ್ಬರು “ಇವತ್ತಿಗೆ ಸಾಕು” ಎನ್ನುವರು. ಮರುದಿನ ಹಾಳೆ ಮಗುಚಿ ಮುಂದಿನಿಂದ ಓದುವ ಅಪ್ಪಣೆಯಾಗುವುದು. ನಾನು ದೊಡ್ಡವನಾದ ಮೇಲೆ ಒಬ್ಬನೇ ಕುಳಿತು ಅದನ್ನು ಓದಿ, ಆ ಹೆಂಗಸರು ಯಾತಕ್ಕಾಗಿ ತಡೆಯುತ್ತಿದ್ದರೆಂಬುದನ್ನು ತಿಳಿದುಕೊಂಡೆ. ಚಿನ್ನಮ್ಮನ ಕತ್ತಲೆ ಅವಳನ್ನು ಕಾಯಿತು. ಕಾವೇರಿಯನ್ನು ದೀಪವಿರುವ ಊರೇ ಕಾಯಲಿಲ್ಲ. ಈ ಎರಡನ್ನೂ ಒಂದೇ ರಟ್ಟಿನೊಳಗೆ ಇಟ್ಟಿರುವ ಕಾದಂಬರಿಯನ್ನು ಮಧುರ ಪ್ರೇಮಕಥೆಯೆಂದು ಕರೆದು ಮುಗಿಸಿಬಿಡುವುದು ನನ್ನಿಂದಾಗದು.

ಇತ್ತೀಚಿನ ಅಭಿಪ್ರಾಯವೊಂದನ್ನು ಹೇಳುತ್ತೇನೆ. 2010ರಲ್ಲಿ ಸಿ. ಬಸವಲಿಂಗಯ್ಯನವರು ಈ ಕಾದಂಬರಿಯನ್ನು ಮೈಸೂರಿನ ರಂಗಾಯಣದಲ್ಲಿ ರಂಗಕ್ಕೆ ತಂದರು, ರಂಗರೂಪ ಕೆ.ವೈ. ನಾರಾಯಣಸ್ವಾಮಿಯವರದು. ಒಂಬತ್ತು ಗಂಟೆಗಳ ಕಾಲ, ರಾತ್ರಿಯಿಂದ ಬೆಳಗಿನವರೆಗೆ, ಬಯಲಿನ ಬೇರೆ ಬೇರೆ ರಂಗಸ್ಥಳಗಳಲ್ಲಿ ನಡೆಯುವ ಆ ಪ್ರಯೋಗದಲ್ಲಿ ಪ್ರೇಕ್ಷಕರೂ ಎದ್ದು ಒಂದು ರಂಗದಿಂದ ಇನ್ನೊಂದಕ್ಕೆ ಕತ್ತಲಲ್ಲಿ ನಡೆಯಬೇಕು. ಕೆಲವು ವರ್ಷಗಳ ಅನಂತರ ಅದು ಬೆಂಗಳೂರಿನ ಕಲಾಗ್ರಾಮದಲ್ಲಿ ನಡೆದಾಗ ದೊಡ್ಡಮ್ಮನ ಮೊಮ್ಮಗಳು ನೋಡಿ ಬಂದಳು. “ಅಜ್ಜಿ, ಮುಕುಂದಯ್ಯ ಇಲ್ಲದೆ ಹೋಗಿದ್ದರೆ ಚಿನ್ನಮ್ಮ ಏನು ಮಾಡುತ್ತಿದ್ದಳು?” ಎಂದು ಅವಳು ಕೇಳಿದಳು. ಪ್ರಶ್ನೆ ನ್ಯಾಯವಾದುದೇ. ಮುಕುಂದಯ್ಯನನ್ನು ಕುರಿತು ನಮ್ಮೂರಿನಲ್ಲಿ ಯಾರೂ ಹೆಚ್ಚು ಚರ್ಚಿಸಿದ್ದನ್ನು ನಾನು ಕಂಡಿಲ್ಲ. ಅವನನ್ನು ಎಲ್ಲರೂ ಒಳ್ಳೆಯವನೆಂದು ಒಪ್ಪಿ ಬದಿಗಿಡುತ್ತಾರೆ. ಆದರೆ ಚಿನ್ನಮ್ಮನನ್ನು ಕಾಪಾಡಿದವನು ಅವನೊಬ್ಬನೇ ಅಲ್ಲವೆಂಬುದು ಗಮನಿಸಬೇಕಾದ ಮಾತು. ಐತನಿಲ್ಲದೆ, ಪೀಂಚಲುವಿಲ್ಲದೆ ಆ ಪ್ರೇಮ ದಡ ಮುಟ್ಟುತ್ತಿರಲಿಲ್ಲ. ಹೊಸಿಲು ದಾಟಿದ ಹೆಣ್ಣಿಗೆ ಆಚೆಯ ಕತ್ತಲಲ್ಲಿ ಕೈಹಿಡಿಯುವವರು ಇನ್ನೂ ಇಬ್ಬರು ಇದ್ದರೆಂಬುದೇ ಚಿನ್ನಮ್ಮನಿಗೂ ನಮ್ಮ ದೊಡ್ಡಮ್ಮನಿಗೂ ಇದ್ದ ಅಂತರ. ದೊಡ್ಡಮ್ಮ ಮೊಮ್ಮಗಳಿಗೆ ಏನೂ ಹೇಳಲಿಲ್ಲ. ಅವಳ ತಲೆಯನ್ನು ನೇವರಿಸಿ, ಅಷ್ಟು ಹೊತ್ತು ಚಳಿಯಲ್ಲಿ ಕುಳಿತಿದ್ದೆಯಲ್ಲಾ, ಕಂಬಳಿ ಒಯ್ದಿದ್ದೆಯಾ ಎಂದು ಮಾತ್ರ ವಿಚಾರಿಸಿದಳು.

ದೊಡ್ಡಮ್ಮ ಈಗ ಇಲ್ಲ. ಜಗಲಿಯ ಸುಲಿತವೂ ಬಹುಮಟ್ಟಿಗೆ ಇಲ್ಲ. ಅಡಕೆ ಸುಲಿಯುವ ಯಂತ್ರಗಳು ಬಂದು, ಹತ್ತು ಮಂದಿಯ ರಾತ್ರಿಯ ಕೆಲಸ ಹಗಲಿನ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಕಳೆದ ವರ್ಷ ಕೊಯ್ಲಿನ ನಡುವೆ ಯಂತ್ರ ಕೆಟ್ಟು, ರಿಪೇರಿಯವರು ಬರಲು ಎರಡು ದಿನ ತಡವಾಗಿ, ರಾಶಿ ಬಿದ್ದ ಕಾಯಿ ಬಾಡಿಹೋದೀತೆಂದು ಅಟ್ಟದ ಮೇಲಿದ್ದ ಮೆಟ್ಟುಗತ್ತಿಗಳನ್ನು ಇಳಿಸಬೇಕಾಯಿತು. ಐದಾರು ಮಂದಿ ಹೆಂಗಸರು ಕುಳಿತರು. ರಜೆಗೆ ಬಂದಿದ್ದ ಮೊಮ್ಮಗಳು ತಾನಾಗಿಯೇ ಒಳಗೆ ಹೋಗಿ, ದಾರದಲ್ಲಿ ಹೊಲಿದ ಆ ಪುಸ್ತಕವನ್ನು ತಂದು, ವಿದ್ಯುದ್ದೀಪದ ಕೆಳಗೆ ಕುಳಿತುಕೊಂಡಳು. ಪುಸ್ತಕ ತಾನಾಗಿ ಬಿಚ್ಚಿಕೊಂಡ ಕಡೆಯಿಂದಲೇ ಓದತೊಡಗಿದಳು. ಕೆಲಸಕ್ಕೆ ಬಂದಿದ್ದ ಹೆಂಗಸರಲ್ಲಿ ಎಳೆಯ ಪ್ರಾಯದ ಒಬ್ಬಳು, ಕಥೆಯ ಹಿಂದುಮುಂದು ಅರಿಯದವಳು, ಕತ್ತಿಯ ಮೇಲಿನ ಕೈಯನ್ನು ತಡೆದು ನಿಲ್ಲಿಸಿ ಕೇಳಿದಳು: “ಅಷ್ಟು ದೂರ ಕಾಡಲ್ಲಿ ನಡ್ದಳಲ್ಲಾ, ಕಾಲಿಗೆ ಉಂಬಳ ಹತ್ಲಿಲ್ವಾ ಅಕ್ಕಾ?”

ಯಾರೂ ಉತ್ತರ ಹೇಳಲಿಲ್ಲ. ಐವತ್ತು ವರ್ಷಗಳಿಂದ ಆ ಪುಟವನ್ನು ಬಲ್ಲೆನೆಂದುಕೊಂಡಿದ್ದ ನನಗೂ ಅದು ನೆನಪಿಗೆ ಬರಲಿಲ್ಲ. ಮೊಮ್ಮಗಳು, ಅಜ್ಜಿಯ ಬೆರಳಿನ ಗುರುತಿದ್ದ ಅಂಚನ್ನೇ ಹಿಡಿದು ಹಾಳೆಯನ್ನು ಹಿಂದಕ್ಕೆ ತಿರುವಿ, ಸಾಲು ಸಾಲಾಗಿ ಹುಡುಕತೊಡಗಿದಳು.